ಪರದೇಶದಲ್ಲಿ ಇಂಗ್ಲಿಷ್ ಮನೆಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿವೆ. ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವವರು ಸಂಬಳದ ಜೊತೆಗೆ ಮನೆಪಾಠ ಹೇಳಿ ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸಬಹುದೇ ಎಂಬುದು ಆ ವಿಷಯ. ನಾನೂ ಕೊಲ್ಲಿಯಲ್ಲಿ ಇಪ್ಪತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿ ಊರಿಗೆ ಮರಳಿದವಳಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಮತ್ತು ಶಾಲೆಗಳ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು. ಹನ್ನೊಂದು ವರ್ಷಗಳಿಂದ ಶಾರ್ಜಾದ ಭಾರತೀಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಎಂಜಿನಿಯರ್ ಆಗಿದ್ದ ನನ್ನ ಯಜಮಾನರ ಕೆಲಸ ಎಂಟು ತಿಂಗಳ ಹಿಂದೆ ಹೋಯಿತು. ಅವರದ್ದೂ ಇಬ್ಬರು ಮಕ್ಕಳದ್ದೂ ವೀಸಾ ಈಗ ನನ್ನ ಹೆಸರಿನ ಮೇಲಿದೆ. ಊರಿನಲ್ಲಿ ಕಟ್ಟಿಸಿದ ಮನೆಯ ಸಾಲದ ಕಂತನ್ನು ನಿಲ್ಲಿಸುವಂತಿಲ್ಲ. ನಾವಿರುವ ಕಟ್ಟಡದ ಮೂರು ನಾಲ್ಕು ಮನೆಯವರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಿ ಎಂದು ಕೇಳುತ್ತಿದ್ದಾರೆ. ನನ್ನ ತರಗತಿಯಲ್ಲಿಯೇ ಓದುವ ಇಬ್ಬರು ಮಕ್ಕಳ ತಂದೆತಾಯಿಯರೂ ಕೇಳಿದ್ದಾರೆ, ಅವರು ಕೊಡುತ್ತೇವೆನ್ನುವ ಹಣ ಉಳಿದವರದ್ದಕ್ಕಿಂತ ಹೆಚ್ಚು. ಸಹೋದ್ಯೋಗಿಗಳಲ್ಲಿ ಹಲವರು ಸದ್ದಿಲ್ಲದೆ ಮಾಡುತ್ತಲೇ ಇದ್ದಾರೆ. ಈಗ ಸರ್ಕಾರವೇ ಪರವಾನಗಿ ಕೊಡುತ್ತದೆ ಎಂದು ಕೇಳಿದ್ದೇನೆ. ನಾನು ಏನು ಮಾಡಬೇಕು, ದಯವಿಟ್ಟು ತಿಳಿಸಿ.
ಹೆಸರು ಬೇಡ, ಶಾರ್ಜಾ

ಉತ್ತರ: ನೀವು ಕೇಳಿದ ಸುದ್ದಿ ನಿಜ. 2023ರ ಡಿಸೆಂಬರ್‌ನಲ್ಲಿ ಯುಎಇಯ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯವು ಶಿಕ್ಷಣ ಸಚಿವಾಲಯದೊಡನೆ ಸೇರಿ ಖಾಸಗಿ ಬೋಧಕರಿಗೆಂದೇ ಒಂದು ಕೆಲಸದ ಪರವಾನಗಿಯನ್ನು ಪ್ರಕಟಿಸಿತು. ಶಾಲೆ, ಕಾಲೇಜುಗಳ ಆವರಣದ ಹೊರಗೆ ಒಬ್ಬೊಬ್ಬರಿಗಾಗಲಿ ಗುಂಪಿಗಾಗಲಿ ಪಾಠ ಹೇಳಲು ಇದು ಅವಕಾಶ ಕೊಡುತ್ತದೆ. ಸರ್ಕಾರಿ ಅಥವಾ ಖಾಸಗಿ ಶಾಲೆಯಲ್ಲಿ ನೋಂದಣಿಯಾಗಿರುವ ಶಿಕ್ಷಕರು, ಉದ್ಯೋಗವಿಲ್ಲದವರು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, 15ರಿಂದ 18 ವರ್ಷದೊಳಗಿನ ಶಾಲಾ ವಿದ್ಯಾರ್ಥಿಗಳು, ಈ ನಾಲ್ಕು ಬಗೆಯವರೂ ಅರ್ಜಿ ಹಾಕಬಹುದು. ಪರವಾನಗಿಗೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಅರ್ಜಿಯ ಮೇಲಿನ ತೀರ್ಮಾನವನ್ನು ಐದು ಕೆಲಸದ ದಿನಗಳೊಳಗೆ ತಿಳಿಸಲಾಗುವುದೆಂದೂ, ನಿರಾಕರಿಸಿದರೆ ಆರು ತಿಂಗಳ ಅನಂತರ ಮತ್ತೆ ಅರ್ಜಿ ಹಾಕಬಹುದೆಂದೂ ಪ್ರಕಟಣೆಯಲ್ಲಿಯೇ ಇತ್ತು. ಪರವಾನಗಿ ಪಡೆಯುವವರು ಸರ್ಕಾರ ಗೊತ್ತುಮಾಡಿದ ನೀತಿಸಂಹಿತೆಗೆ ಸಹಿ ಹಾಕಬೇಕು, ಕೆಲಸದಲ್ಲಿರುವ ಶಿಕ್ಷಕರು ತಮ್ಮ ಶಾಲೆಯಿಂದ ನಿರಾಕ್ಷೇಪಣಾ ಪತ್ರವನ್ನು ತರಬೇಕು.

ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ನನ್ನ ಓರಗೆಯ ಶಿಕ್ಷಕಿಯರಿಗೆ ಗೊತ್ತು. ನಾವಿದ್ದ ಕಾಲದಲ್ಲಿ ಪಾಠಕ್ಕೆ ಬರುವ ಮಕ್ಕಳಿಗೆ ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಡಬೇಡಿ, ಒಳಗೆ ತನ್ನಿ ಎಂದು ಹೇಳುತ್ತಿದ್ದೆವು. ಒಂದು ಮನೆಯ ಮುಂದೆ ದಿನವೂ ಸಂಜೆ ಐದಾರು ಜೊತೆ ಪುಟ್ಟ ಚಪ್ಪಲಿಗಳು ಕಂಡರೆ ಕಾವಲುಗಾರನಿಗೂ ಅನುಮಾನ, ನೆರೆಯವರಿಗೂ ಅನುಮಾನ. ಒಳ್ಳೆಯ ಕೆಲಸವೊಂದನ್ನು ಕಳ್ಳರಂತೆ ಮಾಡಬೇಕಾಗಿ ಬಂದದ್ದರ ಸಂಕಟ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಿಮಗೆ ಆ ಸ್ಥಿತಿ ಬರಬೇಕಾಗಿಲ್ಲ ಎಂಬುದೇ ನನಗೆ ಸಂತೋಷದ ವಿಷಯ. ಬರಬೇಕಾಗಿಲ್ಲದಿರುವಾಗ ಅದನ್ನು ನೀವಾಗಿಯೇ ಬರಮಾಡಿಕೊಳ್ಳಬಾರದು ಎಂಬುದು ನನ್ನ ಮೊದಲ ಮಾತು.

ಸಹೋದ್ಯೋಗಿಗಳು ಸದ್ದಿಲ್ಲದೆ ಮಾಡುತ್ತಿದ್ದಾರೆ ಎಂದು ಬರೆದಿದ್ದೀರಿ. ಅವರ ಮತ್ತು ನಿಮ್ಮ ಪರಿಸ್ಥಿತಿ ಒಂದೇ ಅಲ್ಲ. ಗಂಡನ ವೀಸಾದ ಮೇಲೆ ನೆಲೆಸಿರುವ ಶಿಕ್ಷಕಿಯ ಕೆಲಸ ಹೋದರೆ ಮನೆಗೆ ಬರುವ ಒಂದು ಸಂಬಳ ನಿಲ್ಲುತ್ತದೆ, ಸಂಸಾರ ಅಲ್ಲಿಯೇ ಇರುತ್ತದೆ. ನಿಮ್ಮ ಮನೆಯಲ್ಲಿ ನಾಲ್ಕು ಜನರ ವಾಸದ ಹಕ್ಕು ನಿಮ್ಮೊಬ್ಬರ ಉದ್ಯೋಗದ ಕರಾರಿಗೆ ತೂಗುಬಿದ್ದಿದೆ. ಪರವಾನಗಿ ಇಲ್ಲದೆ ಹಣ ಪಡೆದು ಪಾಠ ಹೇಳಿದ್ದು ಶಾಲೆಗೆ ತಿಳಿದು ಕರಾರು ಮುರಿದುಬಿದ್ದರೆ, ಮಕ್ಕಳೂ ಸೇರಿದಂತೆ ಇಡೀ ಮನೆಯನ್ನು ವರ್ಷದ ನಡುವೆ ಕಟ್ಟಿಕೊಂಡು ಹೊರಡಬೇಕಾದೀತು. ಮನೆಪಾಠದಿಂದ ತಿಂಗಳಿಗೆ ಸಿಗಬಹುದಾದ ಹಣವನ್ನು ಈ ಅಪಾಯದ ಪಕ್ಕದಲ್ಲಿಟ್ಟು ತೂಗಿ ನೋಡಿ. ಸಾಲದ ಕಂತು ಕಟ್ಟಲೆಂದು ಸಾಲ ತೀರಿಸುವ ದಾರಿಯನ್ನೇ ಪಣಕ್ಕಿಡಬಾರದು.

ಆದ್ದರಿಂದ ಮೊದಲು ನಿಮ್ಮ ಪ್ರಿನ್ಸಿಪಾಲರನ್ನು ಭೇಟಿಮಾಡಿ. ಹಣದ ತೊಂದರೆಯನ್ನು ಹೇಳಿಕೊಂಡು ಕಣ್ಣೀರು ಹಾಕುವ ಅಗತ್ಯವಿಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಸರ್ಕಾರದ ಪರವಾನಗಿಗೆ ಅರ್ಜಿ ಹಾಕಬೇಕೆಂದಿದ್ದೇನೆ, ನಮ್ಮ ಶಾಲೆಯ ನನ್ನ ತರಗತಿಗಳ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ, ವಾರಕ್ಕೆ ಇಷ್ಟೇ ಗಂಟೆ ಪಾಠ ಮಾಡುತ್ತೇನೆ ಎಂದು ಮೂರು ಸಾಲಿನ ಪತ್ರವನ್ನು ಬರೆದುಕೊಂಡೇ ಹೋಗಿ. ಶಾಲೆಯವರು ಹೆದರುವುದು ಎರಡು ಸಂಗತಿಗಳಿಗೆ: ತಮ್ಮ ಶಿಕ್ಷಕಿ ತರಗತಿಯ ಪಾಠವನ್ನು ಅರ್ಧಕ್ಕೆ ಬಿಟ್ಟು ಉಳಿದರ್ಧವನ್ನು ಮನೆಯಲ್ಲಿ ಮಾರುತ್ತಾಳೆ ಎಂದು ತಂದೆತಾಯಿಯರು ದೂರು ತಂದಾರು ಎಂಬುದು ಒಂದು, ದಣಿದ ಶಿಕ್ಷಕಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿಯಾಳು ಎಂಬುದು ಇನ್ನೊಂದು. ಕೇಳುವ ಮೊದಲೇ ಈ ಎರಡಕ್ಕೂ ನೀವು ಉತ್ತರ ಕೊಟ್ಟರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಇಷ್ಟಾಗಿಯೂ ಅವರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲವಾದರೆ ವಿಷಯ ಅಲ್ಲಿಗೆ ಮುಗಿಯಿತು. ಪತ್ರ ಕೇಳಿ, ಇಲ್ಲವೆನ್ನಿಸಿಕೊಂಡು, ಆಮೇಲೆ ಗುಟ್ಟಾಗಿ ಪಾಠ ಶುರುಮಾಡುವುದು ಕೇಳದೆ ಮಾಡುವುದಕ್ಕಿಂತ ಹೆಚ್ಚು ಅಪಾಯದ್ದು.

ಇನ್ನು ನಿಮ್ಮ ತರಗತಿಯ ಆ ಇಬ್ಬರು ಮಕ್ಕಳ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ. ಪರವಾನಗಿ ಕೈಯಲ್ಲಿದ್ದರೂ, ಪ್ರಿನ್ಸಿಪಾಲರೇ ಒಪ್ಪಿದರೂ, ಅವರಿಂದ ಹಣ ತೆಗೆದುಕೊಂಡು ಪಾಠ ಹೇಳಬೇಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಯಾಕೆಂದು ಹೇಳಲು ನನ್ನದೇ ತಪ್ಪೊಂದನ್ನು ಹೇಳಬೇಕಾಗುತ್ತದೆ.

ಆಗ ನಾನು ಅಲ್ಲಿಗೆ ಹೋಗಿ ಆರು ವರ್ಷವಾಗಿತ್ತು. ನನ್ನ ತರಗತಿಯ ಹುಡುಗನೊಬ್ಬ ಮನೆಗೆ ಪಾಠಕ್ಕೆ ಬರುತ್ತಿದ್ದ. ಬುದ್ಧಿವಂತ, ಆದರೆ ಬರೆಯಲು ಹಿಂಜರಿಯುವ ಮಗು. ಒಂದು ಸಂಜೆ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯುವುದನ್ನು ಅಭ್ಯಾಸ ಮಾಡಿಸುತ್ತ, ನೀರು ಪೋಲಾಗುವುದರ ಬಗ್ಗೆ ಬರಿ ಎಂದೆ. ಅವನು ಬರೆದ, ನಾನು ತಿದ್ದಿದೆ, ಮತ್ತೆ ಬರೆಸಿದೆ. ಎರಡು ವಾರಗಳ ಅನಂತರ ತರಗತಿಯ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುವಾಗ ಸಂಪಾದಕರಿಗೆ ಪತ್ರ ಎಂದು ಬರೆದು, ವಿಷಯವೇನಿರಲಿ ಎಂದು ಯೋಚಿಸಿದಾಗ ನನ್ನ ಮನಸ್ಸಿಗೆ ತಾನಾಗಿಯೇ ಬಂದದ್ದು ನೀರು. ಬೇಕೆಂದು ಮಾಡಿದ್ದಲ್ಲ, ಮಾಡುವಾಗ ನನಗೆ ಅದರ ನೆನಪೂ ಆಗಲಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ಆ ಹುಡುಗನ ಪತ್ರದಲ್ಲಿ ನನ್ನದೇ ವಾಕ್ಯಗಳು ಕಂಡವು. ಅವನಿಗೆ ಪೂರ್ಣ ಅಂಕ ಕೊಡಬೇಕಾಯಿತು, ಏಕೆಂದರೆ ಅದರಲ್ಲಿ ತಪ್ಪಿರಲಿಲ್ಲ. ಅದೇ ಕಟ್ಟಿನಲ್ಲಿ, ಮನೆಪಾಠಕ್ಕೆ ಹಣ ಕೊಡಲಾಗದ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ತನ್ನದೇ ಮಾತಿನಲ್ಲಿ, ಒಂದೆರಡು ವ್ಯಾಕರಣದ ತಪ್ಪುಗಳೊಡನೆ ಬರೆದ ಪತ್ರವಿತ್ತು. ಅವಳಿಗೆ ಎರಡು ಅಂಕ ಕಡಿಮೆ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ತರಗತಿಗೆ ಆ ಪ್ರಶ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಹೇಳಿ ಬೇರೆ ಪ್ರಶ್ನೆ ಕೊಟ್ಟೆ, ಹುಡುಗನ ತಂದೆಯನ್ನು ಕರೆಸಿ ಆ ತಿಂಗಳ ಹಣವನ್ನು ಹಿಂತಿರುಗಿಸಿ ಬೇರೆ ಶಿಕ್ಷಕಿಯೊಬ್ಬರ ಹೆಸರು ಹೇಳಿದೆ. ಅವರು ಬೇಸರಪಟ್ಟುಕೊಂಡರು, ನಾನು ಏನನ್ನೋ ಬಚ್ಚಿಡುತ್ತಿದ್ದೇನೆಂದು ತಿಳಿದರು.

ಪ್ರಶ್ನೆ ಬರೆಯುವ ಕೈ, ಪಾಠ ಹೇಳುವ ಬಾಯಿ, ಅಂಕ ಕೊಡುವ ಕಣ್ಣು ಮೂರೂ ಒಬ್ಬರದೇ ಆಗಿರುವಾಗ, ಪ್ರಾಮಾಣಿಕರಾಗಿರುತ್ತೇನೆ ಎಂಬ ಸಂಕಲ್ಪವೊಂದೇ ಸಾಲುವುದಿಲ್ಲ. ಇಂಗ್ಲಿಷಿನಂಥ ವಿಷಯದಲ್ಲಿ ಇದು ಇನ್ನೂ ಕಷ್ಟ. ಗಣಿತದಲ್ಲಿ ಉತ್ತರ ಸರಿಯೋ ತಪ್ಪೋ ಹೊರಗಿನವರೂ ನೋಡಿ ಹೇಳಬಹುದು. ಪ್ರಬಂಧಕ್ಕೆ ಹತ್ತರಲ್ಲಿ ಏಳು ಕೊಡಬೇಕೋ ಎಂಟು ಕೊಡಬೇಕೋ ಎಂಬುದು ತಿದ್ದುವವರ ಮನಸ್ಸಿಗೆ ಬಿಟ್ಟದ್ದು, ಆ ಮನಸ್ಸಿನ ಒಂದು ಮೂಲೆಗೆ ತಿಂಗಳ ಕೊನೆಯಲ್ಲಿ ಹಣ ಕೊಟ್ಟವರು ಯಾರೆಂಬುದು ಗೊತ್ತಿರುತ್ತದೆ. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ನಡೆಸಕೂಡದೆಂದು ಪೂರ್ತಿಯಾಗಿ ತಡೆಯುತ್ತದೆ. ಯುಎಇ ಬೇರೆ ದಾರಿ ಹಿಡಿದಿದೆ, ಪರವಾನಗಿ ಕೊಟ್ಟು ಬೆಳಕಿಗೆ ತಂದಿದೆ. ಕಾನೂನಿನಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಎರಡನೆಯದನ್ನೇ ಮೆಚ್ಚುತ್ತೇನೆ, ಏಕೆಂದರೆ ಪೂರ್ತಿ ನಿಷೇಧವಿದ್ದ ಕಡೆ ಟ್ಯೂಷನ್ ನಿಂತದ್ದನ್ನು ನಾನು ಕಂಡಿಲ್ಲ. ಆದರೆ ಪರವಾನಗಿ ನಮಗೆ ಪಾಠ ಹೇಳುವ ಹಕ್ಕನ್ನು ಕೊಡುತ್ತದೆಯೇ ಹೊರತು ನಮ್ಮ ತರಗತಿಯ ಮಕ್ಕಳನ್ನು ಸಮನಾಗಿ ನೋಡುವ ಹೊಣೆಯಿಂದ ಬಿಡಿಸುವುದಿಲ್ಲ.

ಆ ಇಬ್ಬರು ಮಕ್ಕಳಿಗೆ ನಿಜವಾಗಿಯೂ ಸಹಾಯ ಬೇಕಿದ್ದರೆ ಶಾಲೆಯಲ್ಲಿಯೇ, ಬಿಡುವಿನ ಅವಧಿಯಲ್ಲಿ, ಹಣವಿಲ್ಲದೆ, ಬೇಕೆನ್ನುವ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿಟ್ಟು ಹೇಳಿಕೊಡಿ. ಹಣ ಪಡೆದು ಹೇಳುವುದು ಬೇರೆ ಶಾಲೆಯ ಮಕ್ಕಳಿಗಿರಲಿ.

ಸಮಯದ ಬಗ್ಗೆಯೂ ಒಂದು ಮಾತು. 2022ರ ಜನವರಿಯಿಂದ ಶಾರ್ಜಾದಲ್ಲಿ ವಾರಕ್ಕೆ ಮೂರು ದಿನ ರಜೆ ಇರುವುದು ನಿಮಗೆ ಅನುಕೂಲ. ಶಾಲೆಯ ದಿನಗಳ ಸಂಜೆಗಳನ್ನು ಮುಟ್ಟಬೇಡಿ, ಅವು ಪುಸ್ತಕ ತಿದ್ದುವುದಕ್ಕೂ ನಿಮ್ಮ ಮಕ್ಕಳಿಗೂ ಬೇಕು. ಶುಕ್ರವಾರ ಮತ್ತು ಶನಿವಾರ ಎರಡೆರಡು ಗಂಟೆ, ಒಂದು ಗುಂಪಿನಲ್ಲಿ ಮೂರು ಅಥವಾ ನಾಲ್ಕು ಮಕ್ಕಳು, ಇಷ್ಟು ಸಾಕು. ಅದಕ್ಕಿಂತ ದೊಡ್ಡ ಗುಂಪಾದರೆ ಅದು ಇನ್ನೊಂದು ತರಗತಿಯಾಗುತ್ತದೆ. ಮನೆಪಾಠದಿಂದ ಇಂಗ್ಲಿಷಿಗೆ ಸಿಗುವ ನಿಜವಾದ ಲಾಭವೆಂದರೆ ಮಗು ನಿಮ್ಮ ಕಣ್ಣೆದುರಿಗೆ ಒಂದು ಪುಟ ಬರೆದು, ಬರೆದ ಕೂಡಲೇ ಅದನ್ನು ನೀವು ಅದರೊಡನೆ ಕುಳಿತು ತಿದ್ದುವುದು. ಮೂವತ್ತು ಮಕ್ಕಳ ತರಗತಿಯಲ್ಲಿ ಯಾವ ಶಿಕ್ಷಕಿಗೂ ಇದು ಸಾಧ್ಯವಿಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ಸಂಗತಿ. ಈ ಪರವಾನಗಿ ಉದ್ಯೋಗವಿಲ್ಲದವರಿಗೂ ಸಿಗುತ್ತದೆ ಎಂದೆನಲ್ಲ. ನಿಮ್ಮ ಯಜಮಾನರು ಎಂಜಿನಿಯರ್. ನಿಮ್ಮ ಶಾಲೆಯ ನಿರಾಕ್ಷೇಪಣಾ ಪತ್ರದ ಹಂಗಿಲ್ಲದೆ ಅವರೇ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ ಗಣಿತವನ್ನೋ ಭೌತಶಾಸ್ತ್ರವನ್ನೋ ಹೇಳಿಕೊಡಬಹುದು. ಅವರಿಗೆ ಹಗಲೆಲ್ಲ ಬಿಡುವಿದೆ, ಯಾವ ಮಗುವಿಗೂ ಅವರು ಅಂಕ ಕೊಡುವುದಿಲ್ಲ. ಕೆಲಸ ಕಳೆದುಕೊಂಡು ಎಂಟು ತಿಂಗಳಾದ ಗಂಡಸಿಗೆ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಮಕ್ಕಳು ಪುಸ್ತಕ ಬಿಚ್ಚಿ ಕುಳಿತು 'ಸರ್' ಎಂದು ಕರೆಯುವುದು ಹಣಕ್ಕಿಂತ ದೊಡ್ಡ ಆಸರೆಯಾಗಬಹುದು. ಅರ್ಜಿಯನ್ನು ಅವರಿಂದಲೇ ಮೊದಲು ಹಾಕಿಸಿ.

ಪ್ರಶ್ನೆ: ನನ್ನ ಮಗ ದುಬೈನಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅವನ ಇಂಗ್ಲಿಷ್ ಶಿಕ್ಷಕಿ, ಅವರೂ ನಮ್ಮ ಕಡೆಯವರೇ, "ಹುಡುಗ ಹಿಂದೆ ಬಿದ್ದಿದ್ದಾನೆ, ನನ್ನ ಮನೆಗೆ ಕಳುಹಿಸಿ" ಎಂದು ಎರಡು ಸಲ ಹೇಳಿದ್ದಾರೆ. ಕಳುಹಿಸದಿದ್ದರೆ ಅವನ ಮೇಲೆ ಸಿಟ್ಟಾಗುತ್ತಾರೇನೋ ಎಂಬ ಹೆದರಿಕೆ. ಕಳುಹಿಸಲೇ?
ಒಬ್ಬ ತಾಯಿ, ದುಬೈ

ಉತ್ತರ: ಕಳುಹಿಸಬೇಡಿ. ಈ ಹೆದರಿಕೆ ನಿಮ್ಮ ಮನಸ್ಸಿನಲ್ಲಿ ಹುಟ್ಟಿತು ಎಂಬುದೇ, ಸ್ವಂತ ತರಗತಿಯ ಮಕ್ಕಳಿಗೆ ಹಣ ಪಡೆದು ಪಾಠ ಹೇಳಬಾರದೆಂದು ಮೇಲಿನ ಉತ್ತರದಲ್ಲಿ ನಾನು ಅಷ್ಟು ಒತ್ತಿ ಹೇಳಿದ್ದಕ್ಕೆ ಕಾರಣ. ಆ ಶಿಕ್ಷಕಿಯ ಉದ್ದೇಶ ಒಳ್ಳೆಯದೇ ಇರಬಹುದು, ನಾನು ಅನುಮಾನಿಸುವುದಿಲ್ಲ. ಆದರೂ ಅವರು ಕೇಳಿದಾಗ ಇಲ್ಲವೆನ್ನುವ ಸ್ವಾತಂತ್ರ್ಯ ನಿಮಗಿಲ್ಲ ಎಂದು ನಿಮಗೆ ಅನ್ನಿಸಿದ ಮೇಲೆ ಅದು ಕೋರಿಕೆಯಾಗಿ ಉಳಿಯಲಿಲ್ಲ.

ಮುಂದಿನ ಸಲ ಭೇಟಿಯಾದಾಗ ಹುಡುಗ ಯಾವುದರಲ್ಲಿ ಹಿಂದೆ ಬಿದ್ದಿದ್ದಾನೆ, ಓದುವುದರಲ್ಲೋ, ಬರೆಯುವುದರಲ್ಲೋ, ಮಾತಿನಲ್ಲೋ ಎಂದು ಕೇಳಿ, ಅವನ ಈಚಿನ ಎರಡು ಉತ್ತರಪತ್ರಿಕೆಗಳನ್ನು ತೋರಿಸಲು ಹೇಳಿ. ಆ ಮೇಲೂ ಪಾಠ ಬೇಕೆನ್ನಿಸಿದರೆ ಬೇರೆ ಶಾಲೆಯ, ಪರವಾನಗಿ ಇರುವ ಶಿಕ್ಷಕರನ್ನು ಹುಡುಕಿ, ಪರವಾನಗಿಯನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ನಮ್ಮ ಕಡೆಯವರು ಎಂಬ ಸಲಿಗೆ ಈ ವಿಷಯದಲ್ಲಿ ಎರಡೂ ಕಡೆಯವರ ಬಾಯನ್ನು ಕಟ್ಟುತ್ತದೆ.

ಪ್ರಶ್ನೆ: ನನ್ನ ಯಜಮಾನರು ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ನಾವು ನಿಶಿಕಸಾಯ್‌ನಲ್ಲಿದ್ದೇವೆ. ನಾನು ಅವರ ಅವಲಂಬಿತೆಯಾಗಿ ಬಂದವಳು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದೇನೆ. ನೆರೆಯ ಮೂವರು ಜಪಾನಿ ಹೆಂಗಸರು ವಾರಕ್ಕೊಮ್ಮೆ ನನ್ನಲ್ಲಿ ಇಂಗ್ಲಿಷ್ ಮಾತನಾಡಲು ಬರುತ್ತಾರೆ. ಮೊದಲು ಹಣ್ಣು, ಸಿಹಿ ತರುತ್ತಿದ್ದರು. ಈಗ ತಿಂಗಳ ಮೊದಲ ವಾರ ಲಕೋಟೆಯಲ್ಲಿ ಹಣ ಇಟ್ಟು ಎರಡೂ ಕೈಯಿಂದ ಕೊಡುತ್ತಾರೆ. ಬೇಡವೆಂದರೆ ಅವರಿಗೆ ನೋವಾಗುತ್ತದೆ. ಇದನ್ನು ಉಡುಗೊರೆ ಎನ್ನಬಹುದೇ? ಇನ್ನೊಂದು ಪ್ರಶ್ನೆ: ಇಂಗ್ಲಿಷ್ ನನ್ನ ತಾಯ್ನುಡಿಯಲ್ಲ, ಕಲಿಸಲು ನನಗೆ ಯೋಗ್ಯತೆ ಇದೆಯೇ?
ಒಬ್ಬ ಗೃಹಿಣಿ, ಟೋಕಿಯೋ

ಉತ್ತರ: ಆ ಲಕೋಟೆಗೆ ಜಪಾನಿನಲ್ಲಿ ಹೆಸರೇ ಇದೆ, ಗೆಶ್ಶಾ. ಪಿಯಾನೊ, ಹೂವಿನ ಜೋಡಣೆ, ಅಕ್ಷರಕಲೆ, ಏನನ್ನು ಕಲಿತರೂ ಗುರುವಿಗೆ ತಿಂಗಳಿಗೊಮ್ಮೆ ಗೌರವದಿಂದ ಕೊಡುವ ಶುಲ್ಕ ಅದು. ಕೊಡುವ ರೀತಿ ನಮ್ಮ ಗುರುದಕ್ಷಿಣೆಯನ್ನು ನೆನಪಿಸುತ್ತದೆ, ಆದರೆ ಪ್ರತಿ ತಿಂಗಳು ಗೊತ್ತಾದ ಹೊತ್ತಿಗೆ ಪಾಠಕ್ಕಾಗಿ ಬರುವ ಹಣವನ್ನು ಕಾನೂನು ಉಡುಗೊರೆ ಎಂದು ಎಣಿಸುವುದಿಲ್ಲ. ನಿಮ್ಮದು ಕುಟುಂಬದೊಡನೆ ವಾಸಿಸಲು ಕೊಟ್ಟ ವೀಸಾ, ಅದರಲ್ಲಿ ಸಂಪಾದನೆಗೆ ಅವಕಾಶವಿಲ್ಲ. ಸಂಪಾದಿಸಬೇಕಾದರೆ ಆ ವೀಸಾದ ಮಿತಿಯ ಹೊರಗಿನ ಕೆಲಸಕ್ಕೆಂದು ವಲಸೆ ಇಲಾಖೆಯಿಂದ ಮೊದಲು ಅನುಮತಿ ಪಡೆಯಬೇಕು. ಅವಲಂಬಿತರಿಗೆ ವಾರಕ್ಕೆ 28 ಗಂಟೆಯವರೆಗೆ ಕೆಲಸ ಮಾಡಲು ಸಿಗುವ ಸಾಮಾನ್ಯ ಅನುಮತಿಯ ಬಗ್ಗೆ ನೀವು ಕೇಳಿರಬಹುದು. ಅದು ಅಂಗಡಿಯಲ್ಲೋ ಶಾಲೆಯಲ್ಲೋ ಯಾರದಾದರೂ ಕೈಕೆಳಗೆ, ಗಂಟೆ ಲೆಕ್ಕ ಇಡಲಾಗುವ ಕೆಲಸಕ್ಕೆ ಹೊಂದುತ್ತದೆ. ಸ್ವಂತವಾಗಿ ಮನೆಯಲ್ಲಿ ಪಾಠ ನಡೆಸುವುದಕ್ಕೆ ನಿಮ್ಮ ಕೆಲಸವನ್ನು ವಿವರಿಸಿ ಪ್ರತ್ಯೇಕ ಅನುಮತಿಯನ್ನೇ ಕೇಳಬೇಕು. ಅದು ಸಿಗುವವರೆಗೆ ಲಕೋಟೆಯನ್ನು ತೆಗೆದುಕೊಳ್ಳಬೇಡಿ. ಅವರಿಗೆ ನೋವಾಗದಂತೆ ಹೇಳುವುದು ಸುಲಭ. ನನ್ನ ವೀಸಾದ ನಿಯಮ ಇದಕ್ಕೆ ಒಪ್ಪುವುದಿಲ್ಲ, ಅನುಮತಿ ಸಿಕ್ಕ ಮೇಲೆ ಖಂಡಿತ ತೆಗೆದುಕೊಳ್ಳುತ್ತೇನೆ ಎಂದರೆ ಸಾಕು. ನಿಯಮವನ್ನು ಗೌರವಿಸುವವರ ಬಗ್ಗೆ ಆ ದೇಶದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಹಣ್ಣು, ಸಿಹಿಗಳನ್ನು ಧಾರಾಳವಾಗಿ ಸ್ವೀಕರಿಸಿ.

ಇದೇ ಜಪಾನಿನಲ್ಲಿ ಶಾಲೆಗಳ ಸಂಬಳದ ಕೆಲಸದಲ್ಲಿರುವ ಇಂಗ್ಲಿಷ್ ಶಿಕ್ಷಕರಿಗೂ ಒಂದು ಸೂಚನೆ. ಅನುಮತಿ ಪಡೆದು ಮನೆಪಾಠ ಹೇಳುವವರ ಹೆಚ್ಚುವರಿ ಆದಾಯ ವರ್ಷಕ್ಕೆ ಎರಡು ಲಕ್ಷ ಯೆನ್ ದಾಟಿದರೆ ಫೆಬ್ರವರಿ 16ರಿಂದ ಮಾರ್ಚ್ 15ರೊಳಗೆ ಆದಾಯ ತೆರಿಗೆಯ ವಿವರ ಸಲ್ಲಿಸಬೇಕಾಗುತ್ತದೆ. ಎರಡು ಲಕ್ಷದ ಒಳಗಿದ್ದರೆ ಏನೂ ಬೇಡ ಎಂಬುದು ತಪ್ಪು ತಿಳಿವಳಿಕೆ, ನಗರಾಡಳಿತದ ನಿವಾಸಿ ತೆರಿಗೆಗೆ ಈ ವಿನಾಯಿತಿ ಇಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದನ್ನು ನೀವು ಅಷ್ಟು ಅಳುಕಿನಿಂದ ಕೇಳಿದ್ದು ನನಗೆ ಬೇಸರ ತಂದಿತು. ಜಪಾನಿಯಲ್ಲಿ ಬಸ್ಸಿಗೆ 'ಬಸು' ಎನ್ನುತ್ತಾರೆ, ಡೆಸ್ಕಿಗೆ 'ದೆಸುಕು', ಕಪ್ಪಿಗೆ 'ಕಪ್ಪು'. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದದ ತುದಿಗೆ ಒಂದು ಸ್ವರವನ್ನು ಸೇರಿಸಿದರೇನೇ ಅವರ ನಾಲಗೆಗೆ ಸಮಾಧಾನ. ನಾವು ಬಸ್ಸು, ಡೆಸ್ಕು, ಕಪ್ಪು, ಬ್ಯಾಂಕು ಎನ್ನುವಾಗ ಮಾಡುವುದೂ ಅದನ್ನೇ ಅಲ್ಲವೇ? ಇಂಗ್ಲಿಷನ್ನು ತಾಯಿಯ ಮಡಿಲಿನಲ್ಲಿ ಕಲಿತವರಿಗೆ ಆ 'ಉ' ಎಲ್ಲಿಂದ ಬಂತೆಂದು ತಿಳಿಯುವುದೇ ಕಷ್ಟ, ನಿಮಗೆ ಅದು ಒಳಗಿನಿಂದ ಗೊತ್ತು, ಅದನ್ನು ಬಿಡಿಸಿಕೊಂಡ ಬಗೆಯೂ ಗೊತ್ತು. ರಕಾರ ಲಕಾರಗಳ ವ್ಯತ್ಯಾಸ ಅವರ ಕಿವಿಗೆ ಬೀಳುವುದಿಲ್ಲ, ನಮಗೆ ಆ ತೊಂದರೆ ಇಲ್ಲ, ಆದ್ದರಿಂದ ನಾಲಗೆ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂದು ನೀವು ತೋರಿಸಿಕೊಡಬಲ್ಲಿರಿ. ಹೊರಗಿನಿಂದ ಬಂದು ಕಲಿತವರು ಹೊರಗಿನವರಿಗೆ ಕಲಿಸುವುದರಲ್ಲಿ ಒಂದು ಶಕ್ತಿಯಿದೆ. ಧೈರ್ಯವಾಗಿ ಅರ್ಜಿ ಹಾಕಿ.

ಪ್ರಶ್ನೆ: ನಾನು ದಾವಣಗೆರೆಯವನು, ಇಂಗ್ಲಿಷ್ ಬಿ.ಎಡ್. ಆಗಿದೆ. ದಕ್ಷಿಣ ಕೊರಿಯಾದ ಖಾಸಗಿ ಟ್ಯೂಷನ್ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕನ ಕೆಲಸ ಕೊಡಿಸುತ್ತೇನೆಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಅವರಿಗೆ ಕೊಡಬೇಕಾದ ಹಣಕ್ಕೆ ಸಾಲ ಮಾಡಬೇಕು. ಸಂಬಳ ಹೆಚ್ಚೇನಿಲ್ಲ, ಆದರೆ "ಅಲ್ಲಿ ಮನೆಪಾಠದಿಂದಲೇ ಸಾಲ ತೀರಿಸಬಹುದು, ಎಲ್ಲರೂ ಮಾಡುತ್ತಾರೆ" ಎನ್ನುತ್ತಾರೆ. ಹೋಗಲೇ?
ಒಬ್ಬ ಓದುಗ, ದಾವಣಗೆರೆ

ಉತ್ತರ: ತಮ್ಮಾ, ಈ ಮಾತನ್ನು ನಂಬಿ ಸಾಲ ಮಾಡಬೇಡಿ. ಕೊರಿಯಾದಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರಿಗೆ ಕೊಡುವುದು ಇ-2 ಎಂಬ ವೀಸಾ. ಅದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪ್ರಜೆಗಳಿಗೆಂದು ಇರುವುದು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ ಮತ್ತು ಕೊರಿಯಾ ನಡುವಿನ ಆರ್ಥಿಕ ಸಹಭಾಗಿತ್ವ ಒಪ್ಪಂದದಿಂದ ಭಾರತೀಯರಿಗೂ ಒಂದು ಬಾಗಿಲು ತೆರೆಯಿತು, ಆದರೆ ಅದು ಪದವಿಯೂ ಇಂಗ್ಲಿಷ್ ಶಿಕ್ಷಕ ಅರ್ಹತೆಯೂ ಇರುವವರಿಗೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ ಕೆಲಸ ಮಾಡಲು ಮಾತ್ರ. ಹಾಗ್ವನ್ ಎಂದು ಅಲ್ಲಿ ಕರೆಯುವ ಖಾಸಗಿ ಟ್ಯೂಷನ್ ಸಂಸ್ಥೆಗೆ ಈ ದಾರಿಯಲ್ಲಿ ಭಾರತೀಯರು ಸೇರುವಂತಿಲ್ಲ. ಹೀಗಿರುವಾಗ ನಿಮ್ಮ ಏಜೆಂಟರು ತೋರಿಸುತ್ತಿರುವ ಕೆಲಸದ ಬುಡವೇ ಗಟ್ಟಿಯಿಲ್ಲ.

ಇನ್ನು ಮನೆಪಾಠ. ಇ-2 ವೀಸಾದಲ್ಲಿರುವವರು ಹಣ ಪಡೆದು ಮನೆಪಾಠ ಹೇಳುವುದು ಅಲ್ಲಿ ಕಾನೂನಿಗೆ ವಿರುದ್ಧ. ಸ್ವಂತ ಪಾಠ ಹೇಳುವ ಕೊರಿಯನ್ನರೂ ಸ್ಥಳೀಯ ಶಿಕ್ಷಣ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಈ ಬಿಗಿಗೆ ಒಂದು ಇತಿಹಾಸವಿದೆ. ಉಳ್ಳವರ ಮಕ್ಕಳು ಮನೆಪಾಠದ ಬಲದಿಂದ ಮುಂದೆ ಹೋಗುತ್ತಾರೆ ಎಂಬ ಸಿಟ್ಟು ಆ ಸಮಾಜದಲ್ಲಿ ಎಷ್ಟಿತ್ತೆಂದರೆ, 1980ರಲ್ಲಿ ಅಲ್ಲಿನ ಸೈನಿಕ ಸರ್ಕಾರ ಮನೆಪಾಠವನ್ನೇ ನಿಷೇಧಿಸಿತು. ಆ ನಿಷೇಧ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟದ್ದು 2000ದ ಏಪ್ರಿಲ್‌ನಲ್ಲಿ. ನಿಷೇಧ ಹೋದರೂ ಸಿಟ್ಟು ಹೋಗಲಿಲ್ಲ. 2009ರಲ್ಲಿ, ನಿಯಮ ಮೀರಿ ನಡೆಯುವ ಪಾಠಗಳ ಬಗ್ಗೆ ದೂರು ಕೊಟ್ಟವರಿಗೆ ಹಣದ ಬಹುಮಾನ ಕೊಡುವ ಪದ್ಧತಿಯನ್ನೇ ಸರ್ಕಾರ ತಂದಿತು. ಎಲ್ಲರೂ ಮಾಡುತ್ತಾರೆ ಎನ್ನುವ ಏಜೆಂಟರು, ಸಿಕ್ಕಿಬಿದ್ದವನು ದಂಡ ಕಟ್ಟಿ ದೇಶ ಬಿಡಬೇಕಾದಾಗ ಜೊತೆಗಿರುವುದಿಲ್ಲ, ಸಾಲದ ಪತ್ರದಲ್ಲಿ ಅವರ ಸಹಿಯೂ ಇರುವುದಿಲ್ಲ.

ಹೊರದೇಶದ ಯಾವ ಕೆಲಸವನ್ನೇ ಆಗಲಿ ಒಪ್ಪಿಕೊಳ್ಳುವ ಮೊದಲು, ಕರಾರಿನಲ್ಲಿ ಬರೆದ ಸಂಬಳವನ್ನಷ್ಟೇ ಹಿಡಿದು ಲೆಕ್ಕ ಹಾಕಿ. ಮನೆಬಾಡಿಗೆ, ಊಟ, ಊರಿಗೆ ಕಳುಹಿಸುವ ಹಣ, ವಿಮಾನದ ಖರ್ಚು ಕಳೆದು ಸಂಬಳದಲ್ಲಿ ಉಳಿದರೆ ಹೋಗಿ. ಮನೆಪಾಠ ಸೇರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ ಎನ್ನುವುದಾದರೆ ಆ ಕೆಲಸದ ಸಂಬಳವೇ ಸಾಲದು ಎಂದು ತಿಳಿಯಿರಿ. ನಿಮ್ಮ ಬಿ.ಎಡ್. ಪದವಿಗೆ ಬೆಲೆ ಕೊಡುವ ಭಾರತೀಯ ಪಠ್ಯಕ್ರಮದ ಶಾಲೆಗಳು ಕೊಲ್ಲಿಯ ದೇಶಗಳಲ್ಲಿ ಸಾಕಷ್ಟಿವೆ. ಶಾಲೆಗಳ ಸ್ವಂತ ಜಾಲತಾಣಗಳಲ್ಲಿ ಬರುವ ಪ್ರಕಟಣೆಗಳನ್ನು ನೋಡಿ ನೇರವಾಗಿ ಅರ್ಜಿ ಹಾಕಿ. ಏಜೆಂಟರು ನಿಮ್ಮಿಂದ ಮೂಲ ಪ್ರಮಾಣಪತ್ರಗಳನ್ನು ಈಗಾಗಲೇ ಪಡೆದಿದ್ದರೆ ಈ ವಾರವೇ ಹೋಗಿ ಅವನ್ನು ಹಿಂದಕ್ಕೆ ತೆಗೆದುಕೊಳ್ಳಿ.